ಹಗುರವಾಗಿ ಬಂದ ಹಗ್ಗ

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿರುವ ಗೆಳತಿಯ ಮನೆಗೆ ಊಟಕ್ಕೆ ಹೋದಾಗಲೆಲ್ಲ ಪಾಯಸಕ್ಕಿಂತ ಮೊದಲು ಸೀಲ್ ಎಂಬ ಕಡಲಪ್ರಾಣಿಯ ಕಥೆ ಬರುತ್ತದೆ. ಶುರು ಮಾಡಿಸುವುದು ಅವಳ ಮಗಳು: “ಅಮ್ಮಾ, ಟೆಲ್ ದಿ ಸೀಲ್ ಪಾರ್ಟ್!”

ಅವಳು ನಗುತ್ತಲೇ ಹೇಳುತ್ತಾಳೆ, ಕೇಳುವವರೂ ನಗುತ್ತಾರೆ. ಅಂಟಾರ್ಕ್ಟಿಕಾದಲ್ಲಿ ಅವಳು ಮಂಜುಗಡ್ಡೆಯ ಕೆಳಗೆ ಮುಳುಗಿದ್ದಾಗ ಮೇಲೆ ಅವಳ ಹಗ್ಗ ಹಿಡಿದು ಕೂತಿದ್ದವಳು ನಾನು. ಆ ಕಥೆಯಲ್ಲಿ ನನ್ನ ಪಾಲಿಗೆ ಬರುವುದು ಒಂದೇ ಮಾತು: “ಮೇಲೆ ಅಕ್ಕ ಇದ್ರು.”

ನಾವಿಬ್ಬರೂ ಒಂದೇ ಲ್ಯಾಬಿನವರು. ಅವಳು ಕಡಲತಳದ ಜೀವಿಗಳನ್ನು ಅಭ್ಯಾಸ ಮಾಡುತ್ತಾಳೆ. ಆ ತಳದಲ್ಲಿ ಇಟ್ಟುಬರುವ ಕ್ಯಾಮೆರಾಗಳನ್ನು ನಾನು ತಯಾರಿಸುತ್ತೇನೆ. ಡೈವಿಂಗ್ ಕಲಿಯಲು ಯೂನಿಯನ್ ಸಿಟಿಯಿಂದ ಮಾಂಟೆರೆಯ ಕಡಲಿಗೆ ನನ್ನ ಕಾರಿನಲ್ಲೇ ಹೋಗುತ್ತಿದ್ದೆವು. ತಣ್ಣೀರಿನಲ್ಲಿ ಅವಳಿಗಿಂತ ನಾನೇ ಗಟ್ಟಿ ಎಂದು ಕಲಿಸುವವರೂ ಹೇಳಿದ್ದರು. ಹೊರಡುವ ಮುನ್ನ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ನನ್ನ ಎಡಗಿವಿ ಒತ್ತಡ ತಡೆಯುವುದಿಲ್ಲವೆಂದು ತಿಳಿಯಿತು. ನನ್ನ ಕ್ಯಾಮೆರಾವನ್ನು ಅವಳು ಕೆಳಗೆ ಕೊಂಡೊಯ್ಯುವುದು, ನಾನು ಮೇಲೆ ಹಗ್ಗ ಹಿಡಿಯುವುದು ಎಂದಾಯಿತು.

ಹೆಪ್ಪುಗಟ್ಟಿದ ಕಡಲಿನ ಮೇಲೆ ನಿಲ್ಲಿಸಿದ ಒಂದು ಮರದ ಗೂಡು. ಒಳಗೆ ಸಣ್ಣ ಒಲೆ, ನೆಲದ ನಡುವೆ ಮಂಜು ಕೊರೆದು ಮಾಡಿದ ದುಂಡು ಕಿಂಡಿ, ಅದರಲ್ಲಿ ಕಪ್ಪು ನೀರು. ಸೊಂಟಕ್ಕೆ ಹಗ್ಗದ ಕೊಂಡಿ ಸಿಕ್ಕಿಸಿಕೊಂಡು ಅವಳು ಅದರೊಳಗೆ ಇಳಿಯುತ್ತಿದ್ದಳು. ಕೆಳಗೆ ನೀಲಿ ಗಾಜಿನ ಛಾವಣಿಯಂತೆ ಇರುತ್ತದಂತೆ, ಅಂಗೈಯಗಲದ ಕಡಲಜೇಡಗಳು ನಿಧಾನ ನಡೆಯುತ್ತವಂತೆ. ನನಗೆ ಕಾಣುತ್ತಿದ್ದದ್ದು ಗುಳ್ಳೆಗಳು ಮಾತ್ರ. ಸಂಜೆ ಊಟದ ಡೇರೆಯಲ್ಲಿ ಅವಳ ಮುಖದ ಮೇಲೆ ಮಾಸ್ಕಿನ ಕೆಂಪು ಗೆರೆ ಇನ್ನೂ ಉಳಿದಿರುತ್ತಿತ್ತು. ಎಲ್ಲರೂ ಅವಳ ಸುತ್ತ ಕೂರುತ್ತಿದ್ದರು. ಆ ಗೆರೆಯ ಮೇಲೂ ನನಗೆ ಹೊಟ್ಟೆಕಿಚ್ಚು.

ಹಗ್ಗ ಹಿಡಿದವರನ್ನು ಯಾರೂ ಮಾತಾಡಿಸಬಾರದೆಂಬುದು ಕ್ಯಾಂಪಿನ ಕಟ್ಟಳೆ. ಚಹಾ ತಂದವರು ಲೋಟವನ್ನು ಪಕ್ಕದಲ್ಲಿಟ್ಟು ಸುಮ್ಮನೆ ಹೋಗುತ್ತಾರೆ. ಕೆಳಗಿನವಳು ಜಗ್ಗಿದರೆ ಮೇಲಿನವಳು ಮರುಜಗ್ಗಬೇಕು, ಮಾತೆಲ್ಲ ಅಷ್ಟರಲ್ಲೇ. ಉಳಿದವರು ದಪ್ಪ ಗ್ಲೌಸು ಹಾಕಿಕೊಂಡು ಹಿಡಿಯುತ್ತಿದ್ದರು. ನಾನು ತೆಳುವಾದದ್ದನ್ನೇ ಹಾಕುತ್ತಿದ್ದೆ. ಅವಳು ಕ್ಯಾಮೆರಾದ ಕಡೆಗೆ ತಿರುಗಿದ್ದೂ ನನ್ನ ಬೆರಳಿಗೆ ತಿಳಿಯುತ್ತಿತ್ತು.

ಆ ದಿನ ಅವಳು ಕೆಳಗಿದ್ದಾಗ ಕಿಂಡಿಯ ನೀರು ಉಬ್ಬಿತು, ಒಂದು ಸೀಲ್ ತಲೆಯೆತ್ತಿತು. ಎಮ್ಮೆಯ ಗಾತ್ರ, ಮೀನು ಕೊಳೆತ ಉಸಿರು. ಅವುಗಳನ್ನು ಮುಟ್ಟುವಂತಿಲ್ಲ, ಓಡಿಸುವಂತಿಲ್ಲ. ಉಸಿರಾಡಿಕೊಂಡು ತಾವೇ ಹೋಗುತ್ತವೆ. ಇದು ಹೋಗಲಿಲ್ಲ, ಕಣ್ಣು ಮುಚ್ಚಿ ತೇಲುತ್ತ ನಿಂತಿತು. ಹಗ್ಗ ಅದರ ಮೈಗೂ ಮಂಜಿನ ಅಂಚಿಗೂ ನಡುವೆ ಸಿಕ್ಕಿಕೊಂಡಿತು. ಜಗ್ಗಿದೆ. ಗೋಡೆಗೆ ಕಟ್ಟಿದ ಹಗ್ಗದಂತಿತ್ತು. ಕೆಳಗಿನಿಂದ ಏನೂ ಇಲ್ಲ. ಮುಟ್ಟಬಾರದೆಂಬುದನ್ನು ಮರೆತು ಬೋರಲು ಮಲಗಿ, ತೋಳು ನೀರಿಗಿಳಿಸಿ ಅದರ ಮೈಯನ್ನು ತಳ್ಳಿದೆ. ಅದು ಒಮ್ಮೆ ಸೀನಿ ಕೆಳಗಿಳಿಯಿತು.

ಹಗ್ಗ ಎಳೆದೆ. ಬಂತು. ಬಾವಿಗೆ ಕೊಡ ಜಾರಿಬಿದ್ದ ಮೇಲೆ ಬರುವ ಹಾಗೆ, ಭಾರವೇ ಇಲ್ಲದೆ ಬಂತು. ತುದಿಯಲ್ಲಿ ಬರಿಯ ಕೊಂಡಿ.

ಆಮೇಲೆ ಹೊರಗಿನಿಂದ ಯಾರೋ ಕೂಗಿದರು. ಸ್ವಲ್ಪ ದೂರದಲ್ಲಿ ಅಪಾಯದ ಹೊತ್ತಿಗೆಂದು ಕೊರೆದಿಟ್ಟಿದ್ದ ಎರಡನೇ ಕಿಂಡಿಯಿಂದ ಅವಳು ಮೇಲೆ ಬಂದಿದ್ದಳು. ಸೀಲ್ ದಾರಿ ಕಟ್ಟಿದ್ದನ್ನು ನೋಡಿ ಕೊಂಡಿ ಬಿಚ್ಚಿ, ಬೆಳಕು ಕಂಡ ಕಡೆಗೆ ಈಜಿದ್ದಳು. ಬಿಚ್ಚುವ ಮೊದಲು ಹಗ್ಗ ಜಗ್ಗಿಯೂ ಇದ್ದಳು. ಅದು ನನಗೆ ತಲುಪಲಿಲ್ಲ. ನಾನು ಓಡಿಹೋದಾಗ ಅವಳು ಮಂಜಿನ ಮೇಲೆ ಕೂತು ನಗುತ್ತಿದ್ದಳು. ಆ ರಾತ್ರಿ ಗೊರಕೆ ಹೊಡೆದು ಮಲಗಿದ್ದಳು. ನನಗೆ ಆ ನಿದ್ದೆ ಇನ್ನೂ ಸಿಕ್ಕಿಲ್ಲ. ಫ್ರೀವೇಯಲ್ಲಿ ಕೂಡ ಸ್ಟಿಯರಿಂಗು ಹಿಡಿದ ಬೆರಳುಗಳು ಒಮ್ಮೊಮ್ಮೆ ಬರಿಗಾಳಿಯನ್ನು ಎಳೆದ ಹಾಗೆ ಸಡಿಲವಾಗುತ್ತವೆ.

ಕಳೆದ ಭಾನುವಾರವೂ ಕಥೆ ಮುಗಿಯಿತು. “ಸೀಲ್ ಮಹಾರಾಣಿ ಬಾತ್‌ರೂಮೇ ಬಿಡ್ಲಿಲ್ಲ, ನಾನು ಪಕ್ಕದ ಮನೆಗೆ ಹೋದೆ,” ಎಂದಳು. ಧಾರವಾಡದ ಅವಳ ಅತ್ತೆ, “ನಿಂಗ ನಗಿ ಬರತೈತಿ. ಹಗ್ಗ ಹಿಡದಾಕೀ ಎದಿ ಏನಾಗಿತ್ತೋ,” ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. ನನಗೇನಾಗಿತ್ತೆಂದು ಕೇಳಿದವರು ಅವರೊಬ್ಬರೇ.

ಪಾತ್ರೆಗಳನ್ನು ಡಿಶ್‌ವಾಷರಿಗೆ ಜೋಡಿಸುತ್ತ ನಾನು ಕೇಳಿಯೇಬಿಟ್ಟೆ: “ಹಗ್ಗ ಬಿಚ್ಚುವಾಗ ನನ್ನ ನೆನಪಾಯ್ತಾ?”

“ಸತ್ಯ ಹೇಳ್ಲಾ ಅಕ್ಕ? ಇಲ್ಲ. ಆ ಬೆಳಕು ಬಿಟ್ರೆ ಏನೂ ಇರ್ಲಿಲ್ಲ.”

ಸರಿಯಾದದ್ದನ್ನೇ ಮಾಡಿದ್ದಳು. ನೆನೆಯುತ್ತ ಕೂತಿದ್ದರೆ ಬದುಕುತ್ತಿರಲಿಲ್ಲ. ಆದರೂ ಆ ಬೆಳಕಿನ ಮೇಲೆ ನನಗೆ ಸಿಟ್ಟು ಬಂತು.

“ಈ ಸಲ ಅಂಟಾರ್ಕ್ಟಿಕಾಗೆ ನೀವು ಬರಲ್ವಲ್ಲ,” ಎಂದಳು, ಚಮಚಗಳನ್ನು ಎಣಿಸದೆ ಸುರಿಯುತ್ತ. “ಹೊಸ ಹುಡುಗಿ ಸಿಕ್ಕಿದ್ದಾಳೆ, ಮಾರ್ಗನ್ ಹಿಲ್‌ನವಳು. ಬಂಡೆ ಹತ್ತೋಳಂತೆ, ಹಗ್ಗ ಅಂದ್ರೆ ನೀರು ಕುಡಿದ ಹಾಗೆ.”

“ಯಾವ ಗ್ಲೌಸು ಹಾಕ್ತಾಳೆ?”

“ಹಾಂ?”

“ದಪ್ಪದ್ದಾ, ತೆಳ್ಳಂದಾ?”

“ನಂಗೇನ್ ಗೊತ್ತು ಅಕ್ಕ? ಚಳಿಗೆ ದಪ್ಪದ್ದೇ ಹಾಕ್ಬಹುದು.”

ಮತ್ತೆ ಅಲ್ಲಿಗೆ ಹೋಗುವುದಿಲ್ಲವೆಂದು ತಿಂಗಳುಗಳಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಭಯವೇ ಅದಕ್ಕೆ ಕಾರಣ, ಈಗಲೂ ಇದೆ. ಆದರೆ ಅವಳು ಕ್ಯಾಮೆರಾದ ಕಡೆಗೆ ತಿರುಗುವುದು ಇನ್ನೊಬ್ಬಳ ದಪ್ಪ ಗ್ಲೌಸಿಗೆ ತಿಳಿಯದೇ ಹೋಗುವುದನ್ನು, ಅಥವಾ, ಅದಕ್ಕಿಂತ ಕೆಟ್ಟದ್ದು, ತಿಳಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

“ನಾನು ಬರ್ತೀನಿ,” ಎಂದೆ. “ಆದ್ರೆ ಎರಡನೇ ಕಿಂಡೀಲೂ ಯಾರಾದ್ರೂ ಕೂರ್ಬೇಕು. ಇಲ್ದಿದ್ರೆ ನೀನು ಇಳೀಕೂಡದು.”

“ಅಲ್ಲಿ ಯಾರು ಕೂರ್ತಾರೆ?”

“ಆ ಬಂಡೆ ಹತ್ತೋಳು ಕೂರ್ಲಿ.”

ಅವಳು ನನ್ನ ಮುಖ ನೋಡಿ ಜೋರಾಗಿ ನಕ್ಕಳು. “ಅಯ್ಯೋ ಅಕ್ಕ, ನೀವು ನನ್ ಅತ್ತೆಗಿಂತ ಕಡೆ!”

ನಾನು ನಗಲಿಲ್ಲ. ಡಿಶ್‌ವಾಷರಿನ ಬಾಗಿಲು ಮುಚ್ಚಿ, ಅದು ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದೆ.