ಹೊತ್ತು ತಪ್ಪಿದ ಸದ್ದು

ಸೇಡಂ ಹತ್ತಿರದ ಸುಣ್ಣಕಲ್ಲು ಗಣಿಯಲ್ಲಿ ಬ್ಲಾಸ್ಟಿಂಗ್ ಮಾಡಿಸುವುದು ನನ್ನ ಕೆಲಸ. ದಿನಾ ಮಧ್ಯಾಹ್ನ ಸೈರನ್ ಹಾಕುತ್ತೇವೆ, ಆಮೇಲೆ ನೆಲ ಒಮ್ಮೆ ನಡುಗುತ್ತದೆ. ಹೋದ ವರ್ಷ ಭೂಕಂಪನ ಕೇಂದ್ರದ ಅಧಿಕಾರಿಯೊಬ್ಬರು ಬಂದು ನನ್ನೆದುರು ಲ್ಯಾಪ್‌ಟಾಪ್ ತೆರೆದರು. ಪರದೆಯ ತುಂಬ ಉದ್ದಕ್ಕೂ ಒಂದು ಗೆರೆ, ಅದರ ಮೇಲೆ ದಿನಕ್ಕೊಂದು ಸಣ್ಣ ಮುಳ್ಳು.

"ಈ ಮುಳ್ಳೆಲ್ಲ ನಿಮ್ಮ ಬ್ಲಾಸ್ಟಿಂಗ್ ರಿ," ಎಂದರು. "ಯಾರೂ ಗುಟ್ಟಾಗಿ ಅಣುಬಾಂಬ್ ಸಿಡಿಸಬಾರದಂತ ಎಷ್ಟೋ ದೇಶ ಕೂಡಿ ನೆಲಕ್ಕ ಕಿವಿ ಹಚ್ಚಿ ಕುಂತಾವ. ಸಮುದ್ರದಾಚೆಯವರು ನಿಮ್ಮ ಬಗ್ಗೆ ಕೇಳಾಕತ್ತಾರ."

"ನಮ್ಮ ಬಗ್ಗೆ ಏನ್ರಿ ಸರ?"

ಅವರು ಗೆರೆಯ ಒಂದು ಕಡೆ ಬೆರಳಿಟ್ಟರು. "ಈ ಒಂದಿನ ಮಧ್ಯಾಹ್ನ ಸುಮ್ಮನಿದ್ರಿ. ಹೊತ್ತು ಮುಳುಗೋ ಮುಂದ ಹಾರಿಸೀರಿ. ಹೊತ್ತು ತಪ್ಪಿದ ಸದ್ದಂದ್ರ ಅವರಿಗೆ ಭಾಳ ಅನುಮಾನ."

ದಿನಾಂಕ ನೋಡಿದೆ.

"ಊರಾಗ ಹೆಣ ಇದ್ದಾಗ ನಾವು ನೆಲ ನಡುಗಸಂಗಿಲ್ರಿ. ಮಣ್ಣು ಆಗೂತನ ಕಾಯ್ತೀವಿ. ಅವತ್ತ ನಮ್ಮಪ್ಪ ಹೋಗಿದ್ರಿ."

ನಾನು ಪರದೆಯ ಹತ್ತಿರ ಬಗ್ಗಿದೆ. ಅಪ್ಪನನ್ನು ಕಟ್ಟೆಯ ಮೇಲೆ ಕೂಡ್ರಿಸಿ ನಾವು ಭಜನೆ ಮಾಡುತ್ತಿದ್ದ ಅಷ್ಟೂ ಹೊತ್ತು ಆ ಗೆರೆ ಉಸಿರಿಲ್ಲದಂತೆ ನೆಟ್ಟಗೆ ಮಲಗಿತ್ತು.

"ಏನಂತ ತಿಳಸ್ಲಿ ಅವರಿಗೆ?" ಎಂದು ಕಡೆಗೆ ಕೇಳಿದರು.

"ಇದನ್ನೇ ತಿಳಸ್ರಿ."

ಇಲ್ಲೇ ಹತ್ತಿರದ ಆಡಕಿಯಲ್ಲಿರುವ ನಮ್ಮ ಕಾಕಾ, ಅಪ್ಪನ ಸ್ವಂತ ತಮ್ಮ, ಮಣ್ಣಿಗೆ ಬಂದಿರಲಿಲ್ಲ. ಸುದ್ದಿಯೇ ಮುಟ್ಟಲಿಲ್ಲ ಎಂದು ಈಗಲೂ ಆಣೆ ಮಾಡುತ್ತಾನೆ. ಸಮುದ್ರದಾಚೆ ಅವತ್ತೇ ಮುಟ್ಟಿತ್ತು.