ಕೊಳ್ಳುವ ಮುನ್ನ ಮಾದಕ್ಕನ ಪರೀಕ್ಷೆ

ಗೆಳೆಯರೇ, ಇದನ್ನು ಮೊದಲು ಹೇಳಿದ್ದು ಕಟ್ಟಬೆಟ್ಟಿನ ಮಾದಕ್ಕ, ನಿನ್ನೆ ಸಂಜೆ ಟೀ ಎಲೆ ತೂಗುವ ಶೆಡ್ಡಿನಲ್ಲಿ. ಮಸಾಲೆಪುಡಿ ಮಾಡಲು ಹೋಗಿ ಎರಡು ಮಿಕ್ಸಿ ಸುಟ್ಟುಕೊಂಡಿದ್ದ ಅವರು, ಈ ಸಲ ಹುರಿದ ಕೊತ್ತಂಬರಿ ಕಟ್ಟಿಕೊಂಡೇ ಮಿಕ್ಸಿ ಅಂಗಡಿಗೆ ಹೋಗಿದ್ದರು.

"ಇದನ್ನ ಪುಡಿ ಮಾಡಿ ತೋರ್ಸು, ತಮ್ಮಾ."

"ಬಿಲ್ ಆಗದೆ ಬಾಕ್ಸ್ ಬಿಚ್ಚಲ್ಲ ಅಕ್ಕಾ."

"ನನ್ನ ಎಲೆ ಮೂಟೆಗೆ ಕೊಳ್ಳೋ ಏಜೆಂಟು ಮೊಣಕೈವರೆಗೂ ಕೈ ಹಾಕಿ ನೋಡ್ತಾನೆ. ನಿನ್ನ ಮಿಕ್ಸಿಗೆ ಮಾತ್ರ ಅಷ್ಟು ನಾಚಿಕೆಯಾ?"

ಅಂಗಡಿಯವನು ಬಿಚ್ಚಿದ. ಮೊದಲನೆಯದು ಹೊಗೆಯಾಡಿತು, ಎರಡನೆಯದು ನುಣ್ಣಗೆ ಪುಡಿ ಮಾಡಿತು. ಅದನ್ನೇ ತಂದರಂತೆ.

ಇದನ್ನು ಕೇಳಿದ ನನ್ನತ್ತೆ ಇಂದು ಬೆಳಿಗ್ಗೆಯೇ ಹಾಸಿಗೆ ಕೊಳ್ಳಲು ನನ್ನನ್ನೂ ಕರೆದುಕೊಂಡು ಕೋತಗಿರಿಗೆ ಹೊರಟರು. ಅಂಗಡಿಯಲ್ಲಿ ಪ್ಲಾಸ್ಟಿಕ್ ತೆಗೆಸಿ, "ನನ್ನ ಬೆನ್ನು ಹೇಳ್ಲಿ" ಎಂದು ಮಲಗಿದರು. ಅರ್ಧ ಗಂಟೆಯಾಯಿತು, ಎದ್ದಿಲ್ಲ. ಗೊರಕೆ ಕೇಳಿ ಅಂಗಡಿಯವನೇ ಬಿಲ್ ಬರೆಯತೊಡಗಿದ್ದಾನೆ.