ಒಂದೇ ಮನೆಯ ಇಬ್ಬರು

ಓಕ್‌ಬುನಳ ಹಟ ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಾಸಾನ್ ಪಟ್ಟಣದ ಯಂತ್ರದ ಕಾರ್ಖಾನೆಯ ಅಡುಗೆಮನೆಯಲ್ಲಿ ನಾವು ಹೆಂಗಸರು ಅಷ್ಟೂ ಕೆಲಸಗಾರರಿಗೆ ಬೇಯಿಸಿ ಹಾಕುತ್ತಿದ್ದೆವು. ಓಕ್‌ಬುನ್ ಸಾರಿನ ಕೊಪ್ಪರಿಗೆಯ ಹತ್ತಿರ, ಅವಳ ಮಿಹ್ಯಾಂಗ್ ಮೂಲಂಗಿ ಹೆಚ್ಚುವ ಕಡೆ. 'ಅವಳ' ಎಂದೆ, ಹೌದು. ವರ್ಷಾನುಗಟ್ಟಲೆಯಿಂದ ಇಬ್ಬರಿಗೂ ಒಂದೇ ಕೋಣೆ, ಒಂದೇ ಹಾಸಿಗೆ. ಅವರ ಪ್ರೀತಿ ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ದೇಶ ದಿವಾಳಿಯೆದ್ದ ಆ ಚಳಿಗಾಲದಲ್ಲಿ ಜನರನ್ನು ಕಿತ್ತುಹಾಕಲು ಕಂಪನಿ ಒಂದು ನೆವ ಹುಡುಕಿತು: ಒಂದು ಮನೆಗೆ ಒಂದೇ ಸಂಬಳ. ಗಂಡ ಹೆಂಡತಿ ಇಬ್ಬರೂ ಅಲ್ಲೇ ದುಡಿಯುತ್ತಿದ್ದರೆ ಹೆಂಡತಿ ಬಿಡಬೇಕು. ಮ್ಯಾನೇಜರ್ ನಾಮ್‌ಗುಂಗ್ ಓಕ್‌ಬುನಳ ಮುಂದೆಯೂ ಬಂದು ನಿಂತ.

"ನೀವಿಬ್ರೂ ಒಂದೇ ಮನೇಲಿರೋರು. ಒಬ್ರು ಬಿಡಿ. ಯಾರು ಅಂತ ನೀವೇ ಹೇಳಿ."

ಓಕ್‌ಬುನ್ ಸೌಟು ಕುಕ್ಕಿದಳು. "ಹೋದ ವರ್ಷ ಇವಳ ಆಪರೇಷನ್‌ಗೆ ರಜ ಕೇಳ್ದಾಗ, ಅವಳು ನಿಂಗೇನಾಗ್ಬೇಕು, ಮನೆಯವ್ರಿಗಾದ್ರೆ ಮಾತ್ರ ರಜ ಅಂದ್ರಲ್ಲ ಸಾರ್? ಈಗ ಹೊಟ್ಟೆ ಮೇಲೆ ಹೊಡೆಯೋಕೆ ಮಾತ್ರ ನಾವು ಒಂದೇ ಮನೆನಾ?"

ಅವನು ಕೆಮ್ಮಿ ಜಾಗ ಖಾಲಿ ಮಾಡಿದ.

ತಪ್ಪಿಸಿಕೊಳ್ಳುವ ದಾರಿಯೇನೋ ಇತ್ತು. ನಾನೇ ಹೇಳಿದೆ, "ಕಚೇರೀಲಿ ಮಿಹ್ಯಾಂಗ್ ವಿಳಾಸಾನ ಅವಳ ತವರುಮನೆಗೆ ಬದಲಾಯಿಸ್ಬಿಡ್ರೇ. ಕಾಗದದ ಮೇಲೆ ಮಾತ್ರ. ಇಬ್ರ ಕೆಲಸಾನೂ ಉಳಿಯುತ್ತೆ."

"ಆಗಲ್ಲ ಅಕ್ಕಾ," ಎಂದಳು ಓಕ್‌ಬುನ್. "ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಒಬ್ಬ ನಮ್ಮನ್ನ ಒಂದೇ ಮನೆ ಅಂದಿದಾನೆ. ನನ್ನ ಕೈಯಾರೆ ಅದನ್ನ ಅಳಿಸಲ್ಲ."

"ಹಾಳಾದೋಳೇ, ಆ ಮಾತನ್ನೇ ಬೇಯಿಸ್ಕೊಂಡು ತಿಂತೀಯಾ?" ಮಿಹ್ಯಾಂಗ್ ಚಾಕು ಎಸೆದು ಹೊರಟೇಹೋದಳು. ಆಮೇಲೆ ಇಬ್ಬರಿಗೂ ಮಾತಿಲ್ಲ. ನನಗೋ ಇಬ್ಬರ ಕೆನ್ನೆಗೂ ಬಾರಿಸುವಷ್ಟು ಸಿಟ್ಟು.

ಕೆಲಸ ಹೋಗಲಿದ್ದ ಹೆಂಗಸರ ಜೊತೆ ನಾವೆಲ್ಲ ಗೇಟಿನ ಮುಂದೆ ಧರಣಿ ಕೂತೆವು. ನಮ್ಮಲ್ಲಿ ಹೋರಾಟ ಬಿಗಿಯಾದಾಗ ತಲೆ ಬೋಳಿಸಿಕೊಳ್ಳುತ್ತಾರೆ. ಆಮೇಲೆ ಮನೆಯವರೊಬ್ಬರು ವೇದಿಕೆಗೆ ಬಂದು ಆ ಬೋಳುತಲೆಗೆ ಕೆಂಪು ಪಟ್ಟಿ ಕಟ್ಟುತ್ತಾರೆ. ಮೂವರು ಹೆಂಗಸರ ಪಕ್ಕದಲ್ಲಿ ಓಕ್‌ಬುನಳೂ ತಲೆ ಕೊಟ್ಟು ಕೂತಳು. ಸಂಘದ ಮುಖಂಡ ಪ್ಯೋ ನನ್ನ ಕಿವಿಯಲ್ಲಿ ಪಿಸುಗುಟ್ಟಿದ:

"ಅಕ್ಕಾ, ಓಕ್‌ಬುನ್‌ಗೆ ನೀವು ಹೋಗಿ ಕಟ್ಟಿ. ದೊಡ್ಡಪ್ಪನ ಮಗಳು ಅನ್ನಿ. ಅವರಿಬ್ರ ವಿಷಯ ಬಯಲಿಗೆ ಬಂದ್ರೆ ಜನ ನಗ್ತಾರೆ, ಹೋರಾಟ ಕೆಡುತ್ತೆ."

ಥೂ, ನಮ್ಮವರ ಹಣೆಬರಹವೂ ಇಷ್ಟೇ!

ಮೂವರಿಗೂ ಅವರವರ ಗಂಡಂದಿರು ಪಟ್ಟಿ ಕಟ್ಟಿದರು. "ಚಾ ಓಕ್‌ಬುನ್ ಅವರ ಮನೆಯವರು ಬರಬೇಕು" ಎಂದು ಮೈಕು ಕೂಗಿತು. ನಾನು ಅರ್ಧ ಎದ್ದಿದ್ದೆ. ಹಿಂದಿನಿಂದ ಯಾರೋ ಹೆಗಲು ಒತ್ತಿ ಕೂರಿಸಿದರು. ನೋಡಿದರೆ ಮಿಹ್ಯಾಂಗ್.

"ಕೂತ್ಕೊಳ್ಳಿ ಅಕ್ಕಾ. ನಾನಿದೀನಿ."

ವೇದಿಕೆ ಹತ್ತಿದವಳೇ ಪಟ್ಟಿ ಬಿಗಿಯುತ್ತ ಬೈದಳು: "ಕತ್ತೆ, ಕೂದಲು ಹೋದ್ರೂ ಹಟ ಹೋಗ್ಲಿಲ್ಲ ನಿಂಗೆ." ಮೈಕು ಅಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ನಗುವವರು ನಕ್ಕರು. ಗೇಟಿನ ಒಳಗೆ ನಾಮ್‌ಗುಂಗ್ ನಿಂತಿದ್ದ. ಮಿಹ್ಯಾಂಗ್ ಅವನತ್ತ ತಿರುಗಿದಳು.

"ಸಾರ್, ಒಂದೇ ಮನೆ ಅಂದ್ರಲ್ಲ, ಹೌದು. ಒಬ್ರನ್ನ ಆರಿಸಿ ಅಂದ್ರಲ್ಲ, ಅದು ಮಾತ್ರ ಆಗಲ್ಲ."

ಓಕ್‌ಬುನ್ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಗೆದ್ದೆವೇ? ಎಲ್ಲಿಯ ಗೆಲುವು! ಸಂಘದವರು ಗಂಡಸರ ಕೆಲಸ ಉಳಿಸಿಕೊಂಡು ರಾಜಿಯಾದರು. ಆ ಹೆಂಡತಿಯರೂ ಹೋದರು, ಒಬ್ಬರನ್ನು ಆರಿಸಲು ಒಪ್ಪದ ಇವರಿಬ್ಬರೂ ಹೋದರು. ನನ್ನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ನಾರೂ ಇಲ್ಲವಲ್ಲ.